ಹಿಮ ಮತ್ತು ಮಂಜುಗಡ್ಡೆಯ ಮೇಲೆ ವಾಹನ ಚಾಲನೆ

ಹಿಮ ಬಿದ್ದ ಅಥವಾ ನೀರು ಹೆಪ್ಪುಗಟ್ಟಿದ ರಸ್ತೆಯಲ್ಲಿ ವಾಹನವನ್ನು ಹತೋಟಿಯಲ್ಲಿಟ್ಟುಕೊಂಡು ನಡೆಸುವ ಕ್ರಮಕ್ಕೆ ಚಳಿಗಾಲದ ಚಾಲನೆ ಎಂದು ಹೆಸರು. ಉತ್ತರ ಯುರೋಪು, ಕೆನಡಾ, ಅಮೆರಿಕದ ಉತ್ತರದ ರಾಜ್ಯಗಳು, ಜಪಾನಿನ ಹೊಕ್ಕೈಡೊ ದ್ವೀಪ ಮುಂತಾದ ಕಡೆಗಳಲ್ಲಿ ವರ್ಷದ ಹಲವು ತಿಂಗಳು ಇದು ದಿನನಿತ್ಯದ ಕೆಲಸ. ಭಾರತದಲ್ಲಿ ಕಾಶ್ಮೀರ, ಲಡಾಖ್, ಹಿಮಾಚಲ ಪ್ರದೇಶ, ಉತ್ತರಾಖಂಡ, ಸಿಕ್ಕಿಂ ಮತ್ತು ಅರುಣಾಚಲದ ಎತ್ತರದ ರಸ್ತೆಗಳಲ್ಲಿ ಇದರ ಅಗತ್ಯ ಬೀಳುತ್ತದೆ. ಕರ್ನಾಟಕದ ಯಾವ ರಸ್ತೆಯೂ ಹಿಮವನ್ನು ಕಂಡಿಲ್ಲ. ಆದರೆ ಟೊರಾಂಟೊ, ಷಿಕಾಗೊ, ಮಿನಿಯಾಪೊಲಿಸ್ ನಗರಗಳಲ್ಲಿ ನೆಲೆಸಿದ ಕನ್ನಡಿಗರಿಗೂ, ಡಿಸೆಂಬರಿನ ರಜೆಯಲ್ಲಿ ಮನಾಲಿಯಿಂದ ಕಾರು ಹತ್ತುವ ಪ್ರವಾಸಿಗರಿಗೂ ಈ ವಿದ್ಯೆ ಬೇಕಾಗುತ್ತದೆ. ಒಣ ರಸ್ತೆಯಲ್ಲಿ ಹತ್ತಾರು ವರ್ಷ ರೂಢಿಸಿಕೊಂಡ ಅಭ್ಯಾಸಗಳಲ್ಲಿ ಕೆಲವು ಇಲ್ಲಿ ನೆರವಿಗೆ ಬರುವುದಿಲ್ಲ. ಇನ್ನು ಕೆಲವು, ಮುಖ್ಯವಾಗಿ ಗಾಬರಿಯಾದಾಗ ಬ್ರೇಕನ್ನು ಬಲವಾಗಿ ಒತ್ತುವ ಅಭ್ಯಾಸ, ನೇರವಾಗಿ ಅಪಾಯ ತರುತ್ತವೆ.

ಹಿಡಿತದ ಲೆಕ್ಕ

ವಾಹನ ಎಷ್ಟೇ ದೊಡ್ಡದಾಗಿರಲಿ, ಅದು ನೆಲವನ್ನು ಮುಟ್ಟುವುದು ಪ್ರತಿ ಟೈರಿನ ಅಡಿಯಲ್ಲಿ ಸುಮಾರು ಅಂಗೈ ಅಗಲದ ಜಾಗದಲ್ಲಿ ಮಾತ್ರ. ವೇಗ ಹೆಚ್ಚಿಸುವುದು, ತಗ್ಗಿಸುವುದು, ತಿರುಗುವುದು ಎಲ್ಲವೂ ಆ ಜಾಗದಲ್ಲಿ ಹುಟ್ಟುವ ಘರ್ಷಣೆಯಿಂದಲೇ ಆಗಬೇಕು. ಈ ಘರ್ಷಣೆಯ ಪ್ರಮಾಣವನ್ನು ಘರ್ಷಣಾ ಗುಣಾಂಕ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಒಣ ಡಾಂಬರಿನ ಮೇಲೆ ಅದು ಸುಮಾರು 0.7, ತುಳಿತಕ್ಕೆ ಸಿಕ್ಕಿ ಗಟ್ಟಿಯಾದ ಹಿಮದ ಮೇಲೆ ಸುಮಾರು 0.2, ಮಂಜುಗಡ್ಡೆಯ ಮೇಲೆ 0.1 ಅಥವಾ ಅದಕ್ಕೂ ಕಡಿಮೆ.

ಈ ಸಂಖ್ಯೆಗಳ ಅರ್ಥ ದೂರದಲ್ಲಿ ಅಳೆದಾಗ ಸ್ಪಷ್ಟವಾಗುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 14 ಮೀಟರ್, ಗಟ್ಟಿ ಹಿಮದ ಮೇಲೆ ಸುಮಾರು 50 ಮೀಟರ್, ಮಂಜುಗಡ್ಡೆಯ ಮೇಲೆ ಸುಮಾರು 100 ಮೀಟರ್ ಸಾಗಿ ನಿಲ್ಲುತ್ತದೆ. ಚಾಲಕನ ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ ಬೇಕಾಗುವ ಒಂದು ಸೆಕೆಂಡಿನಲ್ಲಿ ಕಾರು ಕ್ರಮಿಸುವ ಇನ್ನೊಂದು 14 ಮೀಟರ್ ಇದರಲ್ಲಿ ಸೇರಿಲ್ಲ. ನಿಲ್ಲುವ ದೂರವು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ವೇಗವನ್ನು 30 ಕಿ.ಮೀ.ಗೆ ಇಳಿಸಿದರೆ ಮಂಜುಗಡ್ಡೆಯ ಮೇಲಿನ ದೂರ ಸುಮಾರು 35 ಮೀಟರಿಗೆ ಇಳಿಯುತ್ತದೆ. ವೇಗ ಅರ್ಧಕ್ಕಿಂತ ತುಸು ಹೆಚ್ಚೇ ಉಳಿದಿದ್ದರೂ ದೂರ ಮೂರನೆಯ ಒಂದು ಭಾಗಕ್ಕೆ ಬರುತ್ತದೆ. ವಾಹನದ ತೂಕ ಈ ಸೂತ್ರದಲ್ಲಿ ಬರುವುದೇ ಇಲ್ಲ ಎಂಬುದನ್ನು ಗಮನಿಸಬೇಕು. ಭಾರಿ ಗಾಡಿ ನೆಲವನ್ನು ಗಟ್ಟಿಯಾಗಿ ಒತ್ತುತ್ತದೆ, ನಿಜ; ಆದರೆ ಅದನ್ನು ನಿಲ್ಲಿಸಲು ಬೇಕಾದ ಬಲವೂ ಅಷ್ಟೇ ಪಾಲು ಹೆಚ್ಚಾಗಿರುತ್ತದೆ. ದೊಡ್ಡ ಎಸ್‌ಯುವಿಯೊಳಗೆ ಕೂತವರಿಗೆ ಉಂಟಾಗುವ ಭದ್ರತೆಯ ಭಾವಕ್ಕೆ ಭೌತಶಾಸ್ತ್ರದ ಬೆಂಬಲವಿಲ್ಲ.

ತಿರುವುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. 50 ಮೀಟರ್ ತ್ರಿಜ್ಯದ ಸಮತಟ್ಟು ತಿರುವನ್ನು ಒಣ ರಸ್ತೆಯಲ್ಲಿ ಗಂಟೆಗೆ ಸುಮಾರು 65 ಕಿ.ಮೀ. ವೇಗದವರೆಗೂ ದಾಟಬಹುದು. ಅದೇ ತಿರುವು ಮಂಜುಗಡ್ಡೆಯಾಗಿದ್ದರೆ 25 ಕಿ.ಮೀ.ಗೇ ಕಾರು ಹೊರಕ್ಕೆ ಜಾರತೊಡಗುತ್ತದೆ. ಬ್ರೇಕ್ ಮತ್ತು ತಿರುವು ಎರಡೂ ಒಂದೇ ಹಿಡಿತವನ್ನು ಹಂಚಿಕೊಳ್ಳುತ್ತವೆ. ತಿಂಗಳ ಕೊನೆಯಲ್ಲಿ ಉಳಿದ ಸಂಬಳದಂತೆ, ಒಂದಕ್ಕೆ ಖರ್ಚಾದದ್ದು ಇನ್ನೊಂದಕ್ಕೆ ಸಿಗುವುದಿಲ್ಲ. ಬ್ರೇಕ್ ಒತ್ತಿಕೊಂಡೇ ತಿರುಗಿಸಲು ಹೊರಟ ಕಾರು ತಿರುಗದೆ ನೇರಕ್ಕೆ ಹೋಗಿಬಿಡುವುದು ಈ ಕಾರಣದಿಂದ. ಚಳಿಗಾಲದ ಚಾಲನೆಯ ಹೆಚ್ಚಿನ ನಿಯಮಗಳು ಈ ಒಂದು ಸಂಗತಿಯಿಂದಲೇ ಹೊರಡುತ್ತವೆ.

ಮಂಜುಗಡ್ಡೆ ಏಕೆ ಜಾರುತ್ತದೆ

ಭಾರದ ಒತ್ತಡದಿಂದ ಮಂಜುಗಡ್ಡೆ ಕರಗಿ ನೀರಾಗುವುದೇ ಜಾರಿಕೆಗೆ ಕಾರಣ ಎಂಬ ವಿವರಣೆ ಬಹುಕಾಲ ಪಠ್ಯಪುಸ್ತಕಗಳಲ್ಲಿತ್ತು. ಒತ್ತಡ ಹೆಚ್ಚಿದಂತೆ ಮಂಜುಗಡ್ಡೆಯ ಕರಗುವ ಬಿಂದು ಇಳಿಯುವುದೇನೋ ಹೌದು. ಆದರೆ ಕಾರಿನ ಟೈರು ಹೇರುವ ಒತ್ತಡದಲ್ಲಿ ಆ ಇಳಿಕೆ ಒಂದು ಡಿಗ್ರಿಯ ನೂರರಲ್ಲಿ ಎರಡು ಪಾಲೂ ಆಗುವುದಿಲ್ಲ. ಮೈನಸ್ 5 ಡಿಗ್ರಿಯ ರಸ್ತೆಯಲ್ಲಿ ಕಾರು ಜಾರುವುದನ್ನು ಅದರಿಂದ ವಿವರಿಸಲಾಗದು. ಮಂಜುಗಡ್ಡೆಯ ಹೊರಮೈಯಲ್ಲಿ ಕರಗುವ ಬಿಂದುವಿಗಿಂತ ಕೆಳಗಿನ ಉಷ್ಣತೆಯಲ್ಲೂ ದ್ರವದಂಥ ತೆಳುಪದರ ಇರುತ್ತದೆ ಎಂದು ಮೈಕೆಲ್ ಫ್ಯಾರಡೆ 1850ರಲ್ಲಿ ಸೂಚಿಸಿದ್ದರು. ಹೊರಗಿನ ಸಾಲಿನ ಅಣುಗಳಿಗೆ ಮೇಲುಗಡೆಯಿಂದ ಬಂಧವಿಲ್ಲದಿರುವುದರಿಂದ ಅವು ಒಳಗಿನ ಅಣುಗಳಷ್ಟು ಬಿಗಿಯಾಗಿ ನಿಲ್ಲವು. ಟೈರು ಉಜ್ಜಿದಾಗ ಹುಟ್ಟುವ ಶಾಖ ಈ ಪದರವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಇದರಿಂದ ಹೊರಡುವ ಒಂದು ತೀರ್ಮಾನ ಹೊಸಬರಿಗೆ ಅಚ್ಚರಿ ತರುತ್ತದೆ. ಚಳಿ ಹೆಚ್ಚಿದಷ್ಟೂ ರಸ್ತೆ ಹೆಚ್ಚು ಅಪಾಯಕಾರಿ ಎಂಬ ಊಹೆ ತಪ್ಪು. ಮೈನಸ್ 20 ಡಿಗ್ರಿಯ ಮಂಜುಗಡ್ಡೆಯ ಮೇಲೆ ಟೈರಿಗೆ ಸಿಗುವ ಹಿಡಿತವು ಸೊನ್ನೆಯ ಆಸುಪಾಸಿನಲ್ಲಿ ನೀರೊಡೆದಿರುವ ಮಂಜುಗಡ್ಡೆಯ ಮೇಲಿನ ಹಿಡಿತಕ್ಕಿಂತ ಎಷ್ಟೋ ಉತ್ತಮ. ಕರಗುವುದಕ್ಕೂ ಹೆಪ್ಪುಗಟ್ಟುವುದಕ್ಕೂ ನಡುವೆ ಹೊಯ್ದಾಡುವ ಉಷ್ಣತೆಯೇ ಚಾಲಕನ ನಿಜವಾದ ವೈರಿ.

ಕಣ್ಣಿಗೆ ಕಾಣದ ಮಂಜುಗಡ್ಡೆ

ಹೊಸದಾಗಿ ಬಿದ್ದ ಹಿಮ ಬಿಳಿಯಾಗಿ ಕಾಣುತ್ತದೆ, ಎಚ್ಚರಿಸುತ್ತದೆ. ಬ್ಲ್ಯಾಕ್ ಐಸ್ ಹಾಗಲ್ಲ. ಅದು ಡಾಂಬರಿನ ಮೇಲೆ ಹರಡಿಕೊಂಡ ತೆಳುವಾದ, ಪಾರದರ್ಶಕ ಮಂಜುಗಡ್ಡೆ. ಗಾಳಿಯ ಗುಳ್ಳೆಗಳು ಇಲ್ಲದಿರುವುದರಿಂದ ಕೆಳಗಿನ ರಸ್ತೆಯ ಕಪ್ಪು ಬಣ್ಣವೇ ತೋರುತ್ತದೆ. ನೋಡಿದವರಿಗೆ ರಸ್ತೆ ಬರಿದೆ ಒದ್ದೆಯಾದಂತೆ ಭಾಸವಾಗುತ್ತದೆ.

ಇದು ಎಲ್ಲೆಂದರಲ್ಲಿ ಉಂಟಾಗುವುದಿಲ್ಲ. ಸೇತುವೆಗಳಿಗೆ ಮೇಲಿನಿಂದಲೂ ಕೆಳಗಿನಿಂದಲೂ ತಣ್ಣನೆಯ ಗಾಳಿ ತಗಲುತ್ತದೆ ಮತ್ತು ನೆಲದ ಶಾಖ ಅವಕ್ಕೆ ಸಿಗುವುದಿಲ್ಲ. ಆದ್ದರಿಂದ ಉಳಿದ ರಸ್ತೆಗಿಂತ ಮೊದಲು ಅವು ಹೆಪ್ಪುಗಟ್ಟುತ್ತವೆ. ಬಂಡೆಯ ಅಥವಾ ಮರಗಳ ನೆರಳು ಬೀಳುವ ತಿರುವುಗಳು, ಸುರಂಗದ ಬಾಯಿ, ಹಗಲಿನಲ್ಲಿ ಕರಗಿದ ಹಿಮದ ನೀರು ರಸ್ತೆಯನ್ನು ಅಡ್ಡ ಹಾಯುವ ಜಾಗಗಳು ಇದರ ಇತರ ನೆಲೆಗಳು. ಕಾಲವೂ ನಿಶ್ಚಿತ: ಸಂಜೆ ಬಿಸಿಲು ಇಳಿದ ಕೂಡಲೇ, ಮತ್ತು ಇರುಳಿನ ಚಳಿ ತುತ್ತತುದಿ ಮುಟ್ಟುವ ನಸುಕಿನಲ್ಲಿ. ಗಾಳಿಯ ಉಷ್ಣತೆ 2 ಅಥವಾ 3 ಡಿಗ್ರಿ ಎಂದು ಕಾರಿನ ಫಲಕ ತೋರಿಸುತ್ತಿದ್ದರೂ ರಸ್ತೆಯ ಮೈ ಸೊನ್ನೆಗಿಂತ ಕೆಳಗಿರಬಹುದು.

ಕಣ್ಣು ಸೋತಲ್ಲಿ ಕಿವಿ ಕೆಲಸಕ್ಕೆ ಬರುತ್ತದೆ. ಒದ್ದೆ ರಸ್ತೆಯಲ್ಲಿ ಟೈರುಗಳು ನೀರನ್ನು ಚಿಮ್ಮುತ್ತ ಸದ್ದು ಮಾಡುತ್ತವೆ. ರಸ್ತೆ ಒದ್ದೆಯಂತೆ ಹೊಳೆಯುತ್ತಿದ್ದು, ಮುಂದಿನ ವಾಹನದ ಚಕ್ರದಿಂದ ನೀರಿನ ತುಂತುರು ಏಳದಿದ್ದರೆ, ಟೈರಿನ ಸದ್ದು ಹಠಾತ್ತನೆ ಅಡಗಿದರೆ, ಸ್ಟಿಯರಿಂಗ್ ಕೈಯಲ್ಲಿ ಹಗುರಾದಂತೆ ಅನ್ನಿಸಿದರೆ, ಅಡಿಯಲ್ಲಿರುವುದು ನೀರಲ್ಲ.

ಟೈರು, ಮೊಳೆ, ಸರಪಳಿ

ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗುತ್ತ ಹೋಗುತ್ತದೆ ಮತ್ತು ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಹೊಂದಿಕೊಳ್ಳಲಾರದೆ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನ ರಬ್ಬರನ್ನು ಕೊರೆಯುವ ಚಳಿಯಲ್ಲೂ ಮೆದುವಾಗಿ ಉಳಿಯುವಂತೆ ತಯಾರಿಸಲಾಗಿರುತ್ತದೆ. ಅದರ ಮೈಯಲ್ಲಿ ಆಳವಾದ ಕಾಲುವೆಗಳ ಜೊತೆಗೆ ನೂರಾರು ಸೂಕ್ಷ್ಮ ಸೀಳುಗಳಿರುತ್ತವೆ. ಟೈರು ನೆಲವನ್ನು ಒತ್ತಿದಾಗ ಈ ಸೀಳುಗಳು ಬಾಯ್ದೆರೆದು ತಮ್ಮ ಅಂಚಿನಿಂದ ಹಿಮವನ್ನು ಕಚ್ಚುತ್ತವೆ. ಕಾಲುವೆಗಳಲ್ಲಿ ತುಂಬಿಕೊಂಡ ಹಿಮವನ್ನು ದೋಷವೆಂದು ಭಾವಿಸಬಾರದು. ಹಿಮಕ್ಕೆ ಹಿಮ ಅಂಟಿಕೊಳ್ಳುವುದರಿಂದ ಅದೂ ಹಿಡಿತಕ್ಕೆ ಪೂರಕವೇ.

ಫಿನ್ಲೆಂಡಿನ ನೋಕಿಯಾ ಪಟ್ಟಣದ ರಬ್ಬರ್ ಕಾರ್ಖಾನೆ 1934ರಲ್ಲಿ ಟ್ರಕ್ಕುಗಳಿಗಾಗಿ, 1936ರಲ್ಲಿ ಹಕ್ಕಪೆಲಿಟ್ಟಾ ಎಂಬ ಹೆಸರಿನಲ್ಲಿ ಕಾರುಗಳಿಗಾಗಿ ಚಳಿಗಾಲದ ಟೈರುಗಳನ್ನು ಹೊರತಂದಿತು. ಮೊಬೈಲ್ ಫೋನಿನ ನೋಕಿಯಾ ಕಂಪನಿಗೂ ಹೆಸರು ಕೊಟ್ಟದ್ದು ಇದೇ ಊರು. ಇಂದು ಟೈರಿನ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ ಮತ್ತು ಅದರೊಳಗೆ ಹಿಮದ ಹರಳಿನ ಗುರುತಿದ್ದರೆ ಅದು ಹಿಮದ ಮೇಲಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದರ್ಥ. ಎಂ ಪ್ಲಸ್ ಎಸ್ ಎಂಬ ಹಳೆಯ ಗುರುತಿಗೆ ಅಂಥ ಪರೀಕ್ಷೆಯ ಆಧಾರವಿಲ್ಲ. ಅದು ತಯಾರಕರ ಸ್ವಂತ ಘೋಷಣೆ. ಸ್ವೀಡನ್ನಿನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯಲ್ಲಿ ಚಳಿಗಾಲದ ಸ್ಥಿತಿ ಇದ್ದಾಗ, ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂಥ ಟೈರುಗಳು ಕಡ್ಡಾಯ.

ಬರಿಯ ಮಂಜುಗಡ್ಡೆಯನ್ನು ಗೀರಿ ಹಿಡಿಯುವ ಲೋಹದ ಮೊಳೆಗಳುಳ್ಳ ಟೈರುಗಳು ನಾರ್ಡಿಕ್ ದೇಶಗಳಲ್ಲಿ ಬಳಕೆಯಲ್ಲಿವೆ. ಆದರೆ ಬರಿ ಡಾಂಬರಿನ ಮೇಲೆ ಇವು ರಸ್ತೆಯನ್ನೇ ಅರೆದು ಧೂಳೆಬ್ಬಿಸುತ್ತವೆ. ಈ ಕಾರಣಗಳಿಂದ ಜರ್ಮನಿ 1975ರಲ್ಲೇ ಇವನ್ನು ನಿಷೇಧಿಸಿತು. ಜಪಾನು 1990ರಲ್ಲಿ ಇವುಗಳ ವಿರುದ್ಧ ಕಾನೂನು ತಂದಿತು. ಸರಪಳಿ ಇವೆಲ್ಲಕ್ಕಿಂತ ಹಳೆಯ ಉಪಾಯ. ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ 1904ರಲ್ಲಿ ಟೈರಿನ ಸರಪಳಿಗೆ ಪೇಟೆಂಟ್ ಪಡೆದರು. ಎಂಜಿನ್ನಿನ ಶಕ್ತಿ ಹರಿಯುವ ಚಕ್ರಗಳಿಗೆ ಸರಪಳಿ ತೊಡಿಸಬೇಕು, ಗಂಟೆಗೆ 50 ಕಿ.ಮೀ. ಮೀರಬಾರದು, ಹಿಮ ಮುಗಿದೊಡನೆ ಬಿಚ್ಚಬೇಕು. ಹಿಮದ ನಡುವೆ ಬೆರಳು ಮರಗಟ್ಟುವಾಗ ಮೊದಲ ಬಾರಿ ಸರಪಳಿ ಬಿಡಿಸಿ ನೋಡುವುದಕ್ಕಿಂತ ಮನೆಯ ಅಂಗಳದಲ್ಲೊಮ್ಮೆ ತೊಡಿಸಿ ಕಲಿಯುವುದು ವಿವೇಕ.

ಗಾಳಿಯ ಒತ್ತಡವನ್ನೂ ಮರೆಯುವಂತಿಲ್ಲ. ಉಷ್ಣತೆ ಪ್ರತಿ 5ರಿಂದ 6 ಡಿಗ್ರಿ ಇಳಿದಾಗ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ತಗ್ಗುತ್ತದೆ.

ಚಾಲನೆಯ ಕ್ರಮ

ಹೊರಡುವ ಮುನ್ನ ಗಾಜು, ದೀಪಗಳು ಮತ್ತು ಛಾವಣಿಯ ಹಿಮವನ್ನು ಪೂರ್ತಿ ತೆಗೆಯಬೇಕು. ಛಾವಣಿಯ ಮೇಲೆ ಬಿಟ್ಟ ಹಿಮ ಮೊದಲ ಬ್ರೇಕಿಗೇ ಮುಂಗಾಜಿನ ಮೇಲೆ ಕುಸಿಯುತ್ತದೆ ಅಥವಾ ಹಿಂದಿನವರ ಮೇಲೆ ಹಾರುತ್ತದೆ. ಹೆಪ್ಪುಗಟ್ಟಿದ ಗಾಜಿಗೆ ಬಿಸಿನೀರು ಸುರಿದರೆ ಗಾಜು ಬಿರುಕು ಬಿಡಬಹುದು.

ಹೊರಡುವಾಗ ಎರಡನೆಯ ಗೇರು ಬಳಸಿದರೆ ಚಕ್ರಕ್ಕೆ ತಲುಪುವ ತಿರುಚುಬಲ ಕಡಿಮೆಯಾಗಿ ಚಕ್ರ ನಿಂತಲ್ಲೇ ತಿರುಗುವುದು ತಪ್ಪುತ್ತದೆ. ಮುಂದಿನ ವಾಹನದಿಂದ ದೂರ ಕಾಯ್ದುಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಮಂಜುಗಡ್ಡೆಯ ಮೇಲೆ ನಿಲ್ಲುವ ದೂರ ಒಣ ರಸ್ತೆಯ ಹತ್ತು ಪಟ್ಟಿನವರೆಗೂ ಆಗಬಹುದೆಂದು ಬ್ರಿಟನ್ನಿನ ರಸ್ತೆ ನಿಯಮಾವಳಿ ಎಚ್ಚರಿಸುತ್ತದೆ. ತಿರುವಿಗೆ ಬೇಕಾದಷ್ಟು ವೇಗವನ್ನು ತಿರುವು ಬರುವ ಮೊದಲೇ, ಚಕ್ರಗಳು ನೇರವಾಗಿರುವಾಗಲೇ ಇಳಿಸಬೇಕು. ತಿರುವಿನೊಳಗೆ ಬ್ರೇಕನ್ನೂ ಆಕ್ಸಿಲರೇಟರನ್ನೂ ಕೆದಕದೆ ಸ್ಟಿಯರಿಂಗನ್ನು ಮಾತ್ರ ಮೆಲ್ಲನೆ ತಿರುಗಿಸಬೇಕು.

ಏರುದಾರಿಯಲ್ಲಿ ನಡುವೆ ನಿಲ್ಲದಂತೆ ನೋಡಿಕೊಳ್ಳಬೇಕು. ಮುಂದಿನ ವಾಹನ ಶಿಖರ ತಲುಪುವವರೆಗೆ ಕೆಳಗೆ ಕಾದು, ಆಮೇಲೆ ಒಂದೇ ವೇಗದಲ್ಲಿ ಹತ್ತುವುದು ಅನುಭವಿಗಳ ಕ್ರಮ. ಇಳಿಯುವಾಗ, ಏರಿದ ಗೇರಿನಲ್ಲೇ ಘಾಟಿ ಇಳಿಯಬೇಕೆಂಬ ನಮ್ಮ ಆಗುಂಬೆ, ಚಾರ್ಮಾಡಿ ಕಡೆಯ ಚಾಲಕರ ಪಾಠ ಇಲ್ಲಿಯೂ ಸಲ್ಲುತ್ತದೆ. ಆದರೆ ಕೆಳಗಿನ ಗೇರನ್ನು ಇಳಿಜಾರು ತೊಡಗುವ ಮೊದಲೇ ಹಾಕಿಕೊಂಡಿರಬೇಕು. ಜಾರುವ ಇಳಿಜಾರಿನ ನಡುವೆ ದಡಕ್ಕನೆ ಗೇರು ಇಳಿಸಿದರೆ ಚಕ್ರಗಳು ಬ್ರೇಕ್ ಹಿಡಿದಂತೆಯೇ ಕಚ್ಚಿಕೊಂಡು ಜಾರುತ್ತವೆ.

ಜಾರುವಿಕೆಯಲ್ಲಿ ಎರಡು ಬಗೆ. ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರಕ್ಕೆ ಹೋಗುತ್ತಿದ್ದರೆ ಮುಂದಿನ ಚಕ್ರಗಳು ಹಿಡಿತ ತಪ್ಪಿವೆ. ಆಗ ಇನ್ನಷ್ಟು ತಿರುಗಿಸುವುದು ವ್ಯರ್ಥ. ಆಕ್ಸಿಲರೇಟರಿನಿಂದ ಕಾಲೆತ್ತಿ, ಸ್ಟಿಯರಿಂಗನ್ನು ತುಸು ಸಡಿಲಿಸಿದರೆ ಚಕ್ರಗಳು ಮತ್ತೆ ಉರುಳತೊಡಗಿ ಹಿಡಿತಕ್ಕೆ ಬರುತ್ತವೆ. ಕಾರಿನ ಹಿಂಭಾಗವೇ ಪಕ್ಕಕ್ಕೆ ಬೀಸುತ್ತಿದ್ದರೆ ಹಿಂದಿನ ಚಕ್ರಗಳು ತಪ್ಪಿವೆ. ಹಿಂಭಾಗ ಎಡಕ್ಕೆ ಜಾರಿದರೆ ಸ್ಟಿಯರಿಂಗೂ ಎಡಕ್ಕೆ, ಬಲಕ್ಕೆ ಜಾರಿದರೆ ಬಲಕ್ಕೆ; ಕಾರು ನೆಟ್ಟಗಾಗುತ್ತಿದ್ದಂತೆ ಸ್ಟಿಯರಿಂಗನ್ನೂ ನೇರಕ್ಕೆ ತರಬೇಕು, ತಡವಾದರೆ ಅದು ಎದುರು ದಿಕ್ಕಿಗೆ ಬೀಸುತ್ತದೆ. ಎರಡರಲ್ಲೂ ಕಣ್ಣು ಹೋಗಬೇಕಾದ ದಾರಿಯ ಮೇಲಿರಬೇಕು, ಡಿಕ್ಕಿಯಾಗಬಹುದಾದ ಕಂಬದ ಮೇಲಲ್ಲ. ಇದನ್ನು ಓದಿ ಕಲಿಯುವುದು ಕಷ್ಟ. ಸ್ವೀಡನ್, ನಾರ್ವೆಗಳಲ್ಲಿ ಚಾಲನಾ ಪರವಾನಗಿ ಬಯಸುವವರಿಗೆ ಕೃತಕ ಜಾರುಪಥದ ಮೇಲೆ ತರಬೇತಿ ಕೊಡುವುದು ಅದಕ್ಕಾಗಿಯೇ.

ಯಂತ್ರದ ನೆರವು ಮತ್ತು ಅದರ ಮಿತಿ

ಬ್ರೇಕ್ ಒತ್ತಿದಾಗ ಚಕ್ರಗಳು ಕಚ್ಚಿಕೊಳ್ಳದಂತೆ ಸೆಕೆಂಡಿಗೆ ಹಲವು ಬಾರಿ ಒತ್ತಿ ಬಿಡುವ ಎಬಿಎಸ್ ವ್ಯವಸ್ಥೆಯನ್ನು 1978ರಲ್ಲಿ ಬಾಷ್ ಕಂಪನಿ ಮರ್ಸಿಡಿಸ್ ಕಾರುಗಳಿಗೆ ಅಳವಡಿಸಿತು. ಇದಿರುವ ಕಾರಿನಲ್ಲಿ ತುರ್ತಿಗೆ ಬ್ರೇಕನ್ನು ಬಿಡದೆ ಒತ್ತಿ ಹಿಡಿಯಬೇಕು. ಪಾದದಡಿಯ ಅದುರುವಿಕೆಗೆ ಬೆದರಬೇಕಾಗಿಲ್ಲ. ಬ್ರೇಕ್ ಒತ್ತಿರುವಾಗಲೂ ಸ್ಟಿಯರಿಂಗ್ ಕೆಲಸ ಮಾಡುತ್ತಿರಲಿ ಎಂಬುದು ಇದರ ಉದ್ದೇಶ. ಸಡಿಲ ಹಿಮದ ಮೇಲಂತೂ ಇದರಿಂದ ನಿಲ್ಲುವ ದೂರ ಹೆಚ್ಚಾಗುವುದೂ ಉಂಟು, ಏಕೆಂದರೆ ಕಚ್ಚಿಕೊಂಡ ಚಕ್ರ ತನ್ನ ಮುಂದೆ ಗುಡ್ಡೆಹಾಕುವ ಹಿಮವೂ ಒಂದು ತಡೆಯೇ. 1995ರಲ್ಲಿ ಬಂದ ಸ್ಥಿರತಾ ನಿಯಂತ್ರಣ ವ್ಯವಸ್ಥೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಾರು ಅಡ್ಡ ತಿರುಗುತ್ತಿದ್ದರೆ ಒಂದೊಂದೇ ಚಕ್ರಕ್ಕೆ ಪ್ರತ್ಯೇಕವಾಗಿ ಬ್ರೇಕ್ ಹಾಕಿ ನೆಟ್ಟಗೆ ಮಾಡುತ್ತದೆ.

ಇವೆಲ್ಲ ಇರುವ ಹಿಡಿತವನ್ನು ಜಾಣತನದಿಂದ ಹಂಚುತ್ತವೆ. ಇಲ್ಲದ ಹಿಡಿತವನ್ನು ಸೃಷ್ಟಿಸಲಾರವು. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಫೋರ್ ವೀಲ್ ಡ್ರೈವ್ ಬಗ್ಗೆ ಇದನ್ನು ಒತ್ತಿ ಹೇಳಬೇಕಾಗಿದೆ. ಅದು ಹೊರಡಲು, ಹತ್ತಲು ಬಹಳ ಉಪಕಾರಿ. ನಿಲ್ಲುವ ಪ್ರಶ್ನೆ ಬಂದಾಗ ಅದಿಲ್ಲದ ಕಾರಿಗೂ ಬ್ರೇಕುಗಳು ನಾಲ್ಕು ಚಕ್ರಗಳಲ್ಲೂ ಇವೆ.

ಉಪ್ಪು ಮತ್ತು ಮರಳು

ರಸ್ತೆಗೆ ಎರಚುವ ಅಡುಗೆ ಉಪ್ಪು ನೀರಿನ ಘನೀಭವನ ಬಿಂದುವನ್ನು ಇಳಿಸುತ್ತದೆ. ಮೈನಸ್ 1 ಡಿಗ್ರಿಯ ಆಸುಪಾಸಿನಲ್ಲಿ 1 ಕೆ.ಜಿ. ಉಪ್ಪು ಸುಮಾರು 50 ಕೆ.ಜಿ. ಮಂಜುಗಡ್ಡೆಯನ್ನು ಕರಗಿಸಬಲ್ಲದು, ಮೈನಸ್ 12ರಲ್ಲಿ ಅದರ ಕಸುವು ಸುಮಾರು 5 ಕೆ.ಜಿ.ಗೆ ಕುಸಿಯುತ್ತದೆ. ಸುಮಾರು ಮೈನಸ್ 9ರಿಂದ ಕೆಳಗೆ ಬಳಕೆಯ ದೃಷ್ಟಿಯಿಂದ ಉಪ್ಪು ನಿರುಪಯೋಗಿ. ಅಲ್ಲಿ ಕ್ಯಾಲ್ಸಿಯಂ ಕ್ಲೋರೈಡನ್ನೋ, ಕರಗಿಸದೆ ಬರಿದೆ ಒರಟುತನ ಕೊಡುವ ಮರಳು, ಜಲ್ಲಿಪುಡಿಗಳನ್ನೋ ಬಳಸುತ್ತಾರೆ. ಉಪ್ಪು ಕಾರಿನ ತಳವನ್ನು ತುಕ್ಕು ಹಿಡಿಸುತ್ತದೆ, ಕೆರೆತೊರೆಗಳಿಗೂ ಸೇರುತ್ತದೆ.

ಹಿಮಾಲಯದ ರಸ್ತೆಗಳು

ಭಾರತದ ಹಿಮದ ಗಡಿರಸ್ತೆಗಳನ್ನು ತೆರೆದಿಡುವ ಹೊಣೆ 1960ರಲ್ಲಿ ಸ್ಥಾಪನೆಯಾದ ಗಡಿ ರಸ್ತೆಗಳ ಸಂಸ್ಥೆಯದು. ಶ್ರೀನಗರ ಮತ್ತು ಲೇಹ್ ನಡುವಿನ ಜೋಜಿ ಲಾ ಕಣಿವೆದಾರಿ ಸುಮಾರು 3,500 ಮೀಟರ್ ಎತ್ತರದಲ್ಲಿದ್ದು, ಹಿಂದೆ ವರ್ಷಕ್ಕೆ ಆರು ತಿಂಗಳವರೆಗೂ ಮುಚ್ಚಿರುತ್ತಿತ್ತು. 2025ರಲ್ಲಿ ಅದನ್ನು 32 ದಿನಗಳಲ್ಲೇ ಮತ್ತೆ ತೆರೆಯಲಾಯಿತು. ರೋಹ್ತಾಂಗ್ ಕಣಿವೆದಾರಿಯ ಕೆಳಗೆ ಹಾದುಹೋಗುವ 9.02 ಕಿ.ಮೀ. ಉದ್ದದ ಅಟಲ್ ಸುರಂಗ 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ ಮೇಲೆ ಲಾಹೌಲ್ ಪ್ರದೇಶಕ್ಕೆ ಚಳಿಗಾಲದಲ್ಲೂ ದಾರಿಯಾಯಿತು.

ಸುರಂಗದ ಜೊತೆಗೆ ಹೊಸ ತೊಡಕೊಂದೂ ಬಂತು. ಹಿಂದೆ ಹಿಮಗಾಲದಲ್ಲಿ ಆ ಕಡೆ ಹೋಗುತ್ತಿದ್ದವರು ಸ್ಥಳೀಯರು ಮತ್ತು ಸೇನೆಯವರು. ಈಗ ಬಯಲುಸೀಮೆಯ ಪ್ರವಾಸಿಗರು ಬೇಸಿಗೆಯ ಟೈರಿನ ಸಣ್ಣ ಕಾರುಗಳಲ್ಲಿ 3,000 ಮೀಟರ್ ಮೀರಿ ಏರುತ್ತಾರೆ. ಸುರಂಗದ ಒಳಗಿನ ಒಣ ರಸ್ತೆಯಿಂದ ಹೊರಬಿದ್ದ ಕೂಡಲೇ ಹೆಪ್ಪುಗಟ್ಟಿದ ಇಳಿಜಾರು ಎದುರಾಗುತ್ತದೆ. ಹಿಮ ಬಿದ್ದ ದಿನಗಳಲ್ಲಿ ಆಡಳಿತವು ಫೋರ್ ವೀಲ್ ಡ್ರೈವ್ ವಾಹನಗಳನ್ನು ಮಾತ್ರ ಮೇಲಕ್ಕೆ ಬಿಡುವುದುಂಟು. ಸರಪಳಿ ಕಟ್ಟಿದ ಗಾಡಿಯ ಸ್ಥಳೀಯ ಚಾಲಕನಿಗೆ ಸ್ಟಿಯರಿಂಗ್ ಒಪ್ಪಿಸುವುದು ಇಂಥಲ್ಲಿ ಹೇಡಿತನವಾಗದು.

ಲಡಾಖಿನ ಚಳಿ ಇಂಧನವನ್ನೂ ಬಿಡುವುದಿಲ್ಲ. ಡೀಸೆಲ್‌ನಲ್ಲಿರುವ ಪ್ಯಾರಾಫಿನ್ ಮೇಣ ಹೆಪ್ಪುಗಟ್ಟಿ ಫಿಲ್ಟರನ್ನು ಮುಚ್ಚುತ್ತದೆ. ಹಿಂದೆ ಅದಕ್ಕೆ ಸೀಮೆಎಣ್ಣೆ ಬೆರೆಸುತ್ತಿದ್ದರು. ಮೈನಸ್ 33 ಡಿಗ್ರಿಯವರೆಗೂ ಹರಿಯಬಲ್ಲ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಅಲ್ಲಿಗೆ ಪೂರೈಸತೊಡಗಿತು. ಇರುಳು ಕಾರು ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡುವುದು ಅಲ್ಲಿನ ರೂಢಿ. ಎಳೆದ ಬ್ರೇಕು ಬೆಳಗಾಗುವಷ್ಟರಲ್ಲಿ ಹಿಡಿದಲ್ಲೇ ಹೆಪ್ಪುಗಟ್ಟಿರಬಹುದು.

ಹಿಮದಲ್ಲಿ ಸಿಕ್ಕಿಬಿದ್ದಾಗ

ಪಾಕಿಸ್ತಾನದ ಮರ್ರೀ ಗಿರಿಧಾಮದಲ್ಲಿ 2022ರ ಜನವರಿಯಲ್ಲಿ ಹಿಮಬಿರುಗಾಳಿಗೆ ಸಿಕ್ಕಿದ ಪ್ರವಾಸಿಗರು ರಾತ್ರಿಯಿಡೀ ಕಾರುಗಳಲ್ಲೇ ಉಳಿಯಬೇಕಾಯಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿ ಕೊಂದದ್ದು ಚಳಿಯೊಂದೇ ಅಲ್ಲ. ಹೀಟರಿಗಾಗಿ ಎಂಜಿನ್ ಓಡಿಸುತ್ತಿರುವಾಗ ಹಿಮವು ಹೊಗೆಕೊಳವೆಯನ್ನು ಮುಚ್ಚಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಕಾರಿನೊಳಗೆ ಸೇರುತ್ತದೆ. ನಿದ್ದೆ ಬಂದಂತಾಗಿ ಮನುಷ್ಯ ಏಳುವುದೇ ಇಲ್ಲ.

ಆದ್ದರಿಂದ ಸಿಕ್ಕಿಬಿದ್ದವರು ಮೊದಲು ಕೊಳವೆಯ ಸುತ್ತಲಿನ ಹಿಮವನ್ನು ಬಿಡಿಸಬೇಕು, ಹಿಮ ಬೀಳುತ್ತಲೇ ಇದ್ದರೆ ಪದೇ ಪದೇ ಬಿಡಿಸಬೇಕು. ಎಂಜಿನ್ನನ್ನು ಗಂಟೆಗೆ ಹತ್ತು ನಿಮಿಷದಷ್ಟು ಮಾತ್ರ ಓಡಿಸಿ, ಗಾಳಿ ಬೀಸದ ಕಡೆಯ ಕಿಟಕಿಯನ್ನು ಬೆರಳಷ್ಟು ತೆರೆದಿಡಬೇಕು. ಕಾರು ಬಿಟ್ಟು ನಡೆದು ಹೊರಟವರು ದಾರಿ ತಪ್ಪುವ ಸಂಭವವೇ ಹೆಚ್ಚು. ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ. ಕಂಬಳಿ, ನೀರು, ತಿನಿಸು, ಸಲಿಕೆ, ಟಾರ್ಚು, ಚಕ್ರದಡಿ ಎರಚಲು ಒಂದು ಚೀಲ ಮರಳು ಇಷ್ಟನ್ನು ಡಿಕ್ಕಿಯಲ್ಲಿಟ್ಟಿರಬೇಕು. ಸಲಿಕೆ ಮಾತ್ರ ಕೈಗೆಟಕುವಲ್ಲಿದ್ದರೆ ಮೇಲು, ಡಿಕ್ಕಿಯ ಬಾಗಿಲೇ ಹೆಪ್ಪುಗಟ್ಟಬಹುದು.

ಮಂಜುಗಡ್ಡೆಯೇ ರಸ್ತೆಯಾದಾಗ

ಕೆಲವೆಡೆ ಮಂಜುಗಡ್ಡೆಯನ್ನು ತೊಡೆದುಹಾಕುವ ಬದಲು ಅದನ್ನೇ ರಸ್ತೆಯಾಗಿ ಬಳಸಲಾಗುತ್ತದೆ. ಕೆನಡಾದ ಯೆಲ್ಲೊನೈಫ್ ಬಳಿಯಿಂದ ವಜ್ರದ ಗಣಿಗಳಿಗೆ ಹೋಗುವ ಚಳಿಗಾಲದ ರಸ್ತೆ ಬಹುಪಾಲು ಹೆಪ್ಪುಗಟ್ಟಿದ ಸರೋವರಗಳ ಮೇಲೆಯೇ ಸಾಗುತ್ತದೆ. ಸರಕು ತುಂಬಿದ ಟ್ರಕ್ಕುಗಳು ಅಲ್ಲಿ ಗಂಟೆಗೆ 25 ಕಿ.ಮೀ. ಮೀರುವಂತಿಲ್ಲ. ಎಸ್ಟೋನಿಯಾದಲ್ಲಿ ಸಮುದ್ರ ಸಾಕಷ್ಟು ದಪ್ಪಕ್ಕೆ ಹೆಪ್ಪುಗಟ್ಟಿದ ವರ್ಷಗಳಲ್ಲಿ ಮುಖ್ಯಭೂಮಿಯಿಂದ ಹೀಯುಮಾ ದ್ವೀಪಕ್ಕೆ ಸುಮಾರು 25 ಕಿ.ಮೀ. ಉದ್ದದ ದಾರಿ ತೆರೆಯುತ್ತದೆ. ಅಲ್ಲಿ ಹಗಲಿನಲ್ಲಿ ಮಾತ್ರ ಸಂಚಾರ, ವಾಹನಗಳ ನಡುವೆ 250 ಮೀಟರ್ ಅಂತರ, ನಡುದಾರಿಯಲ್ಲಿ ನಿಲ್ಲುವುದಕ್ಕೆ ನಿಷೇಧ. ವೇಗ ಒಂದೋ 25 ಕಿ.ಮೀ.ಗಿಂತ ಕಡಿಮೆ ಇರಬೇಕು, ಇಲ್ಲವೇ 40ರಿಂದ 70ರ ನಡುವೆ ಇರಬೇಕು; ಇವೆರಡರ ನಡುವಣ ವೇಗದಲ್ಲಿ ವಾಹನದ ಭಾರ ಮಂಜುಗಡ್ಡೆಯ ಕೆಳಗಿನ ನೀರಿನಲ್ಲಿ ಎಬ್ಬಿಸುವ ಅಲೆ ವಾಹನದ ಜೊತೆಜೊತೆಗೇ ಸಾಗುತ್ತ ಬಲಗೊಂಡು ಮಂಜುಗಡ್ಡೆಯನ್ನು ಒಡೆಯಬಲ್ಲದು. ಬೇರೆಲ್ಲ ರಸ್ತೆಗಳಲ್ಲಿ ಕಡ್ಡಾಯವಾದ ಸೀಟ್‌ಬೆಲ್ಟನ್ನು ಈ ದಾರಿಯಲ್ಲಿ ಹಾಕಿಕೊಳ್ಳಬಾರದು, ಕಾರು ಮುಳುಗತೊಡಗಿದರೆ ತಕ್ಷಣ ಹೊರಬೀಳಲು ಸಾಧ್ಯವಾಗಬೇಕಲ್ಲ!